ಗಾಲಿ ಬಿಚ್ಚಿ ಹಾಕಿದ ಮೇಲೆ ಬೈಕ್ ಯಾಕೆ ಸರಿ ಇಲ್ಲ? ಮುಂದಿನ ಆಕ್ಸಲ್ ನಟ್‌ನ ದೋಷ ಹುಡುಕುವ ಬಗೆ

ಪಂಚರ್ ಹಾಕಿಸಿದ ಮೇಲೆ ಹ್ಯಾಂಡಲ್ ಅದುರುತ್ತೆ. ಹೊಸ ಟೈರ್ ಹಾಕಿಸಿದ ಮೇಲೆ ಬ್ರೇಕ್ ಹಿಡಿದಾಗೆಲ್ಲ ಕೆಳಗೆ ಎಲ್ಲೋ 'ಟಕ್' ಅನ್ನುತ್ತೆ. ಬೇರಿಂಗ್ ಬದಲಿಸಿ ತಿಂಗಳೂ ಆಗಿಲ್ಲ, ಆಗಲೇ ಗುಂಯ್ ಅಂತ ಸದ್ದು. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಗ್ಯಾರೇಜಿಗೆ ಬರುವ ಮುಂದಿನ ಗಾಲಿಯ ದೂರುಗಳಲ್ಲಿ ಇಂಥವೇ ಜಾಸ್ತಿ. ಬಂದವರು ರಿಮ್ ಬೆಂಡ್ ಆಗಿರಬೇಕು, ಕೋನ್‌ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಹೋಗಿರಬೇಕು ಅಂತ ತಾವೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಇರಬಹುದು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಈ ತೊಂದರೆ ಯಾವಾಗಿನಿಂದ ಶುರುವಾಯಿತು? ಗಾಲಿ ಬಿಚ್ಚಿ ಹಾಕಿದ ದಿನದಿಂದ ಅಂತಾದರೆ ಕೋನ್‌ಸೆಟ್‌ಗೆ ಕೈ ಹಾಕುವ ಮೊದಲು ಆಕ್ಸಲ್ ನೋಡಿ. ಅದಕ್ಕೆ ಹತ್ತು ನಿಮಿಷ ಸಾಕು, ದುಡ್ಡೂ ಬೇಡ.

ಮೊನ್ನೆ ಕಾರಟಗಿಯಿಂದ ಬಂದ ಹುಡುಗನೊಬ್ಬ ಹೇಳಿದ್ದು ಇದನ್ನೇ. "ಅಣ್ಣಾ, ನಟ್ ಮಸ್ತ್ ಟೈಟ್ ಐತ್ರಿ, ಆದ್ರೂ ಗಾಲಿ ಅಳ್ಳಾಡ್ತೈತಿ." ಅವನ ಮಾತು ಸುಳ್ಳಲ್ಲ. ನಟ್ ನಿಜವಾಗಿಯೂ ಬಿಗಿ ಇತ್ತು. ಬಿಗಿ ಇಲ್ಲದ್ದು ಗಾಲಿ. ಇವೆರಡೂ ಬೇರೆ ಬೇರೆ ವಿಷಯ ಅಂತ ಗೊತ್ತಾದರೆ ಮುಂದಿನ ಹುಡುಕಾಟ ಅರ್ಧ ಮುಗಿದಂತೆ.

ಆ ನಟ್ ಯಾವುದನ್ನು ಒತ್ತುತ್ತಿದೆ?

ಬೈಕಿನ ಮುಂದಿನ ಆಕ್ಸಲ್ ಅಂದರೆ ಒಂದು ಉದ್ದನೆಯ ಬೋಲ್ಟ್, ಅಷ್ಟೇ. ಒಂದು ಶಾಕ್‌ನ (ಗಾಲಿಯ ಎರಡೂ ಬದಿಗಿರುವ ಶಾಕ್ ಅಬ್ಸಾರ್ಬರ್ ಕಾಲು) ಕೆಳತುದಿಯಿಂದ ಹೊಕ್ಕು ಇನ್ನೊಂದು ಶಾಕ್‌ನ ತುದಿಯಲ್ಲಿ ಹೊರಗೆ ಬರುತ್ತೆ. ನಡುವೆ ಸಾಲಾಗಿ ಒಂದು ಕಾಲರ್ ಇರುತ್ತೆ, ಅದಕ್ಕೆ ಬುಶ್ ಅಂತಲೂ ಹೇಳುತ್ತಾರೆ. ಅದರ ಪಕ್ಕಕ್ಕೆ ಬೇರಿಂಗ್‌ನ ಒಳರಿಂಗ್, ಆಮೇಲೆ ಹಬ್‌ನ, ಅಂದರೆ ಗಾಲಿಯ ನಡುಭಾಗದ, ಹೊಟ್ಟೆಯೊಳಗೆ ಕಣ್ಣಿಗೆ ಕಾಣದಂತೆ ಕೂತಿರುವ ಒಂದು ಪೈಪ್, ಮತ್ತೆ ಇನ್ನೊಂದು ಬೇರಿಂಗ್‌ನ ಒಳರಿಂಗ್, ಕೊನೆಗೆ ಸ್ಪೀಡೋಮೀಟರ್ ಕೇಬಲ್ ತಿರುಗಿಸುವ ಮೀಟರ್ ಗೇರ್ ಅಥವಾ ಬ್ರೇಕ್ ಲೈನರ್ ಕೂರುವ ಡ್ರಮ್ ಪ್ಲೇಟ್. ನಟ್ ಬಿಗಿ ಮಾಡಿದಾಗ ಈ ಸಾಲೆಲ್ಲ ಒಂದಕ್ಕೊಂದು ಒತ್ತಿಕೊಂಡು ಒಂದೇ ಗಟ್ಟಿ ತುಂಡು ಆಗಬೇಕು. ಆ ತುಂಡು ತಿರುಗುವುದಿಲ್ಲ. ಅದರ ಸುತ್ತ ಬೇರಿಂಗ್‌ನ ಹೊರರಿಂಗ್, ಹಬ್, ಗಾಲಿ ತಿರುಗುತ್ತವೆ.

ಇದರಲ್ಲಿ ಒಂದು ದೊಡ್ಡ ಸಂಗತಿ ಇದೆ. ಎಲ್ಲ ತುಂಡೂ ಸರಿಯಾಗಿ ಕೂತಿದ್ದರೆ, ಕಂಪನಿ ಹೇಳಿದಷ್ಟು ಪೂರ್ತಿ ಬಿಗಿ ಮಾಡಿದರೂ ಗಾಲಿ ಹಗುರವಾಗಿಯೇ ತಿರುಗುತ್ತೆ. ನಟ್ ಬಿಗಿಯಾಗುತ್ತಾ ಹೋದಂತೆ ಗಾಲಿ ಭಾರ ಆಗುತ್ತಿದ್ದರೆ ತಪ್ಪು ಬಿಗಿಯದ್ದಲ್ಲ. ಸಾಲಿನಲ್ಲಿ ಏನೋ ಇಲ್ಲ, ಅಥವಾ ಏನೋ ಸವೆದಿದೆ. 'ಸ್ವಲ್ಪ ಲೂಸ್ ಬಿಡ್ರಿ, ಫ್ರೀ ತಿರುಗ್ತದ' ಅಂತ ನಟ್ ಅರ್ಧ ಸುತ್ತು ಸಡಿಲ ಬಿಟ್ಟು ಕಳಿಸುವವರು ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಗಾಲಿ ಹಗುರ ಆಗುತ್ತೆ, ನಟ್ ಮಾತ್ರ ದಾರಿಯಲ್ಲಿ ಕಳಚಿಕೊಳ್ಳುತ್ತೆ.

ಮೊದಲು ಕೈಯಲ್ಲಿ ನೋಡಿ, ಪಾನಾ (ಸ್ಪ್ಯಾನರ್) ಆಮೇಲೆ

ಬೈಕನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಒಬ್ಬರು ಹಿಂದಿನ ಸೀಟಿನ ಮೇಲೆ ಭಾರ ಬಿಡಲಿ, ಮುಂದಿನ ಗಾಲಿ ಎತ್ತಿಕೊಳ್ಳುತ್ತೆ. ಈಗ ಒಂದು ಕೈಯಲ್ಲಿ ಶಾಕ್ ಗಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಟೈರನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಶಾಕ್ ಅಲ್ಲಾಡದೆ ಗಾಲಿ ಮಾತ್ರ ಕಟಕಟ ಅಂದರೆ ದೋಷ ಬೇರಿಂಗ್ ಅಥವಾ ಆಕ್ಸಲ್‌ನಲ್ಲಿದೆ. ಆಮೇಲೆ ಎರಡೂ ಶಾಕ್‌ಗಳ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಇಲ್ಲಿ ಟಕ್ ಅಂದರೆ ಅದು ಮೇಲಿನ ಕೋನ್‌ಸೆಟ್, ಇಲ್ಲವೇ ಶಾಕ್‌ನೊಳಗಿನ ಬುಶ್ ಸವೆದಿದೆ. ಈ ಎರಡು ಪರೀಕ್ಷೆ ಬೇರೆ ಬೇರೆಯಾಗಿ ಮಾಡದೆ ಬರೀ ಹ್ಯಾಂಡಲ್ ಹಿಡಿದು ಕುಲುಕಿ ತೀರ್ಪು ಕೊಡುವುದರಿಂದಲೇ ಎಷ್ಟೋ ಒಳ್ಳೆಯ ಕೋನ್‌ಸೆಟ್‌ಗಳು ಗುಜರಿಗೆ ಹೋಗುತ್ತವೆ.

ಮೂರನೆಯದಾಗಿ ಗಾಲಿ ತಿರುಗಿಸಿ ಬಿಟ್ಟು ಕಿವಿ ಕೊಡಿ. ನಿಧಾನಕ್ಕೆ ನಿಂತರೆ ಸರಿ. ಗಕ್ಕನೆ ನಿಂತರೆ ಎಲ್ಲೋ ಹಿಡಿಯುತ್ತಿದೆ. ಒಂದೇ ಜಾಗದಲ್ಲಿ ಸರ್ ಸರ್ ಅಂದರೆ ಡಿಸ್ಕ್ ಬಾಗಿರಬಹುದು ಅಥವಾ ಡ್ರಮ್ ವಾರೆ ಸವೆದಿರಬಹುದು.

ನಟ್ ಬಿಗಿ, ಗಾಲಿ ಸಡಿಲ

ಇದೇ ಅತಿ ಹೆಚ್ಚು ಮೋಸ ಮಾಡುವ ದೋಷ. ಪಾನಾ ಜಗ್ಗಿದರೆ ಒಂದಿಷ್ಟೂ ತಿರುಗುವುದಿಲ್ಲ, ಆದರೂ ಗಾಲಿ ಅಳ್ಳಾಡುತ್ತೆ. ಕಾರಣ ಏನೆಂದರೆ ನಟ್ ಒತ್ತುತ್ತಿರುವುದು ಸಾಲನ್ನಲ್ಲ. ಆಕ್ಸಲ್‌ನ ಥ್ರೆಡ್ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಹೋಗಿ ನಟ್ ಕೂತುಬಿಟ್ಟಿದೆ. ಒಂದು ದಪ್ಪ ವಾಶರ್ ಕಳೆದುಹೋದರೆ ಸಾಕು, ಹೀಗಾಗುತ್ತೆ. ಹೊರಗಿನ ಕಾಲರ್ ಪಂಚರ್ ಅಂಗಡಿಯ ಮಣ್ಣಲ್ಲಿ ಬಿದ್ದು ಉಳಿದರಂತೂ ಹೇಳುವುದೇ ಬೇಡ. ಟೈರ್ ಬಡಿಯುವಾಗ ಗಾಲಿ ಮಗುಚಿ ಹಾಕುತ್ತಾರಲ್ಲ, ಆಗ ಅದು ಸದ್ದಿಲ್ಲದೆ ಉದುರುತ್ತೆ. ನಮ್ಮ ಕರಿಮಣ್ಣಿನಲ್ಲಿ ಬಿದ್ದದ್ದು ಕಾಣಿಸುವುದೂ ಇಲ್ಲ.

ಪತ್ತೆ ಮಾಡುವುದು ಸುಲಭ. ನಟ್ ಪೂರ್ತಿ ಬಿಗಿ ಇದ್ದಾಗ, ಶಾಕ್‌ಗೂ ಬೇರಿಂಗ್‌ಗೂ ನಡುವೆ ಕಾಣುವ ಆ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಲು ನೋಡಿ. ಬಿಗಿ ಸರಿಯಿದ್ದರೆ ಅದು ಜಪ್ಪಯ್ಯ ಅಂದರೂ ಕದಲಬಾರದು. ಬೆರಳಿಗೆ ತಿರುಗಿತೋ, ಸಾಲಿನ ಮೇಲೆ ಒತ್ತಡವೇ ಬಿದ್ದಿಲ್ಲ ಅಂತ ಅರ್ಥ. ಮತ್ತೆ ಪಾನಾ ಜಗ್ಗಿ ಪ್ರಯೋಜನ ಇಲ್ಲ. ಬಿಚ್ಚಿ, ಯಾವ ತುಂಡು ಇಲ್ಲ ನೋಡಿ.

ನೈಲಾಕ್ ನಟ್ ಇರುವ ಬೈಕುಗಳಲ್ಲಿ ಇನ್ನೊಂದು ಬಗೆಯ ಮೋಸ ಇದೆ. ಆ ನಟ್‌ನ ತುದಿಯಲ್ಲಿ ಪ್ಲಾಸ್ಟಿಕ್ ಉಂಗುರ ಇರುತ್ತೆ, ಅದು ಥ್ರೆಡ್ಡನ್ನು ಕಚ್ಚಿ ಹಿಡಿಯುತ್ತೆ. ಹಾಗಾಗಿ ಮೊದಲಿನಿಂದಲೇ ಪಾನಾಕ್ಕೆ ಬಿಗಿ ಅನ್ನಿಸುತ್ತೆ, ಸಾಲು ಒತ್ತಿಕೊಳ್ಳುವ ಮುಂಚೆಯೇ ಕೈ ನಿಲ್ಲಿಸಿಬಿಡುತ್ತಾರೆ. ಆ ಕಚ್ಚುವಿಕೆ ಇರುವುದು ನಟ್ ಬಿಚ್ಚಿಕೊಳ್ಳದಿರಲಿ ಅಂತ. ಅದನ್ನೇ ಬಿಗಿಯ ಲೆಕ್ಕಕ್ಕೆ ಹಿಡಿಯಬಾರದು. ಬರೀ ಕೈಬೆರಳಲ್ಲಿ ಸರಾಗ ತಿರುಗಿಕೊಂಡು ಕೊನೆಯ ತನಕ ಹೋಗುವ ಹಳೆಯ ನೈಲಾಕ್ ನಟ್ ಇದ್ದರೆ ಅದನ್ನು ಎಸೆಯಿರಿ. ಅದರಲ್ಲಿ ಪ್ಲಾಸ್ಟಿಕ್ ಸತ್ತಿದೆ.

ಬಿಗಿ ಮಾಡಿದಂತೆ ಗಾಲಿ ಜಾಮ್

ಮೇಲಿನದಕ್ಕೆ ತದ್ವಿರುದ್ಧ. ಇಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ. ನಟ್ ಅರ್ಧ ಸುತ್ತು ಸಡಿಲಿಸಿ ಗಾಲಿ ತಿರುಗಿಸಿ. ಹಗುರ ಆಯಿತಾ? ಹಾಗಾದರೆ ದೋಷ ಆಕ್ಸಲ್ ಸಾಲಿನಲ್ಲಿದೆ. ಆಗಲೂ ಭಾರವೇ ಇದ್ದರೆ ಬ್ರೇಕ್ ಹಿಡಿದಿರಬಹುದು, ಬೇರಿಂಗ್ ಬಿಚ್ಚುವ ಮೊದಲು ಅದನ್ನು ನೋಡಿ.

ಸಾಲಿನಲ್ಲಿ ದೋಷ ಅಂದರೆ ಹೆಚ್ಚಿನ ಸಲ ಆ ಒಳಗಿನ ಪೈಪ್‌ನದೇ ಕಥೆ ಅನ್ನಿ. ಬೇರಿಂಗ್ ಬದಲಿಸುವಾಗ ಅದನ್ನು ಹಾಕಲು ಮರೆತಿರುತ್ತಾರೆ. ಇಲ್ಲವೇ ಬೇರೆ ಬೈಕಿನದ್ದು ಹಾಕಿ ಒಂದೆರಡು ಮಿಲಿಮೀಟರ್ ಗಿಡ್ಡ ಆಗಿರುತ್ತೆ. ಹಿಂದೆ ಯಾರೋ ಕಾಲಲ್ಲಿ ತುಳಿದು ನಟ್ ಬಿಗಿ ಮಾಡಿದ್ದರಿಂದ ಅದರ ತುದಿ ಜಜ್ಜಿಹೋಗಿರುವುದೂ ಉಂಟು. ಪೈಪ್ ಗಿಡ್ಡ ಆದರೆ ನಟ್‌ನ ಒತ್ತಡ ನೇರ ಎರಡೂ ಒಳರಿಂಗ್‌ಗಳನ್ನು ಒಂದರ ಕಡೆ ಒಂದು ತಳ್ಳುತ್ತೆ. ಗೋಲಿಗಳು ತಮ್ಮ ಜಾಡು ಬಿಟ್ಟು ಅಂಚಿನ ಮೇಲೆ ಉರುಳುತ್ತವೆ. ಬೇರಿಂಗ್ ಬಿಸಿ ಆಗುತ್ತೆ, ಗುಂಯ್‌ಗುಡುತ್ತೆ, ಬೇಗ ಸಾಯುತ್ತೆ. 'ಕಂಪನಿ ಬೇರಿಂಗ್ ಹಾಕಿಸಿದರೂ ನಿಲ್ಲಲಿಲ್ಲ' ಅನ್ನುವವರು ಬೇರಿಂಗ್ ಬಯ್ಯುವ ಮೊದಲು ಆ ಪೈಪ್ ನೋಡಲಿ.

ಬೇರಿಂಗ್ ಹಾಕುವ ಕ್ರಮ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಎಡವಿದರೆ ನಟ್ ಎಷ್ಟೇ ಜಾಣತನದಿಂದ ಬಿಗಿ ಮಾಡಿದರೂ ವ್ಯರ್ಥ. ಒಂದು ಕಡೆಯ ಬೇರಿಂಗನ್ನು ತಳ ಮುಟ್ಟುವವರೆಗೆ ಕೂರಿಸಿ. ಬಡಿಯುವಾಗ ಹೊರರಿಂಗ್ ಮೇಲೆ ಮಾತ್ರ ಬಡಿಯಿರಿ, ಆ ಅಳತೆಯ ಸಾಕೆಟ್ ಇಟ್ಟುಕೊಂಡರೆ ಸುಲಭ. ಆಮೇಲೆ ಪೈಪ್. ಆಮೇಲೆ ಇನ್ನೊಂದು ಬೇರಿಂಗ್, ಅದರ ಒಳರಿಂಗ್ ಪೈಪ್‌ಗೆ ತಾಗುವವರೆಗೆ ಮಾತ್ರ. ಮುಗಿದ ಮೇಲೆ ಬೆರಳು ತೂರಿಸಿ ಪೈಪ್ ಅಲ್ಲಾಡಿಸಿದರೆ ಅದು ಗಲಗಲ ಅನ್ನಬಾರದು, ಸ್ವಲ್ಪ ಬಿಗಿಯಿಂದ ಮೇಲೆ ಕೆಳಗೆ ಸರಿಯಬೇಕು. ಇನ್ನು ಬೇರಿಂಗ್ ಕೊಳ್ಳುವಾಗ ಅಂಗಡಿಯವರು ಹೇಳಿದ್ದನ್ನೇ ನಂಬಬೇಕಿಲ್ಲ, ಮೇಲೆ ಬರೆದಿರುವ ನಂಬರ್ ಓದಿ. 6301 ಅಂದರೆ ಒಳತೂತು 12 ಮಿಲಿಮೀಟರ್, ಹೊರಗೆ 37, ದಪ್ಪ 12. 6201ಕ್ಕೂ ಒಳತೂತು 12ರದೇ, ಆದರೆ ಹೊರಗೆ 32, ದಪ್ಪ 10. ಕೊನೆಯ ಎರಡು ಅಂಕಿ 01 ಇದ್ದರೆ 12, 02 ಇದ್ದರೆ 15, 03 ಇದ್ದರೆ 17 ಮಿಲಿಮೀಟರ್ ಆಕ್ಸಲ್.

ಸಂಡೂರು ಕಡೆಯ ಕೆಂಪು ಅದಿರಿನ ಧೂಳಲ್ಲಿ ಓಡುವ ಬೈಕುಗಳಿಗೆ ಒಂದು ಮಾತು. ವಾಟರ್ ಸರ್ವಿಸ್ ಮಾಡಿಸುವಾಗ ಪ್ರೆಶರ್ ನೀರನ್ನು ನೇರ ಹಬ್‌ನ ನಡುವಿಗೆ ಹೊಡೆಸಬೇಡಿ. ಧೂಳು ತಾನಾಗಿ ಸೀಲ್ ದಾಟುವುದು ಕಷ್ಟ. ಪ್ರೆಶರ್ ನೀರು ಅದನ್ನು ಕೈಹಿಡಿದು ಒಳಗೆ ಕರೆದೊಯ್ಯುತ್ತೆ.

ಡ್ರಮ್ ಪ್ಲೇಟ್‌ನ ಕಚ್ಚು: ಇದೊಂದು ತಪ್ಪಿದರೆ ಜೀವಕ್ಕೇ ಅಪಾಯ

ಮುಂದೆ ಡ್ರಮ್ ಬ್ರೇಕ್ ಇರುವ ಬೈಕುಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಸಾಕಷ್ಟು ಓಡುತ್ತಿವೆ. ಅವುಗಳ ಡ್ರಮ್ ಪ್ಲೇಟ್ ಮೇಲೆ ಒಂದು ಕಚ್ಚು ಇರುತ್ತೆ, ಶಾಕ್‌ನ ಕೆಳತುದಿಯ ಒಳಬದಿಗೆ ಒಂದು ಗೂಟ ಇರುತ್ತೆ. ಗೂಟ ಕಚ್ಚಿನೊಳಗೆ ಕೂರಬೇಕು. ಬ್ರೇಕ್ ಹಿಡಿದಾಗ ಗಾಲಿಯ ಜೊತೆ ಪ್ಲೇಟೂ ತಿರುಗಲು ಹೊರಡುತ್ತೆ, ಅದನ್ನು ತಡೆದು ನಿಲ್ಲಿಸುವುದು ಆ ಗೂಟ ಒಂದೇ. ಗೂಟ ಕೂರದೆ ನಟ್ ಬಿಗಿ ಮಾಡಿದರೆ ಮೇಲುನೋಟಕ್ಕೆ ಎಲ್ಲ ಸರಿಯಾಗೇ ಕಾಣುತ್ತೆ, ಅಂಗಳದಲ್ಲಿ ಒಂದು ಸುತ್ತು ಹಾಕಿದರೂ ಗೊತ್ತಾಗುವುದಿಲ್ಲ. ಸಿಂಧನೂರು–ಸಿರುಗುಪ್ಪ ರಸ್ತೆಯಲ್ಲಿ ಭತ್ತದ ಲಾರಿ ಎದುರು ಬಂದು ಜೋರಾಗಿ ಬ್ರೇಕ್ ಹಿಡಿದಾಗ ಪ್ಲೇಟ್ ತಿರುಗಿ, ಬ್ರೇಕ್ ಕೇಬಲ್ ಸುತ್ತಿಕೊಂಡು ಗಾಲಿ ಅಲ್ಲೇ ಲಾಕ್ ಆಗಬಹುದು. ಮುಂದಿನ ಗಾಲಿ ಲಾಕ್ ಆದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಕಾರಟಗಿಯ ಆ ಹುಡುಗನ ಬೈಕಿನಲ್ಲಿ ವಾಶರ್ ಇರಲಿಲ್ಲ ಅನ್ನುವುದು ಒಂದು. ಅದನ್ನು ಹುಡುಕಲು ಬಿಚ್ಚಿದಾಗ ಕಂಡ ಎರಡನೆಯದು ಇದು. ಗೂಟ ಕಚ್ಚಿನ ಒಳಗೆ ಹೋಗದೆ ಪ್ಲೇಟ್‌ನ ಅಂಚಿನ ಮೇಲೆ ಕೂತು ಒತ್ತಿತ್ತು. ಅಲ್ಯೂಮಿನಿಯಂ ಮೇಲೆ ಉಗುರಿನಷ್ಟು ಅಗಲದ ಹೊಳೆಯುವ ಗಾಯ. ಬ್ರೇಕ್ ಹಿಡಿದಾಗಲೆಲ್ಲ ಅವನಿಗೆ ಕೇಳುತ್ತಿದ್ದ ಟಕ್ ಸದ್ದು ಅಲ್ಲಿಂದ ಬರುತ್ತಿತ್ತು. ಅದನ್ನು ತೋರಿಸಿದ ಮೇಲೆ ಹುಡುಗ ಮಾತಾಡಲಿಲ್ಲ, ಫೋನ್ ತೆಗೆದು ಫೋಟೋ ಹೊಡೆದುಕೊಂಡ. ಪಂಚರ್ ಅಂಗಡಿಯವನಿಗೆ ತೋರಿಸುತ್ತಾನಂತೆ. ಒಳ್ಳೆಯದೇ.

ನೀವು ಎಲ್ಲೇ ಗಾಲಿ ಹಾಕಿಸಿ, ಹೊರಡುವ ಮೊದಲು ಬಗ್ಗಿ ಆ ಕಚ್ಚು ಕಣ್ಣಾರೆ ನೋಡಿ. ಆಮೇಲೆ ಬೈಕನ್ನು ಕೈಯಲ್ಲಿ ತಳ್ಳುತ್ತಾ ಮುಂದಿನ ಬ್ರೇಕ್ ಹಿಡಿದು ಪ್ಲೇಟ್ ಕದಲುತ್ತದಾ ಗಮನಿಸಿ. ಕೂದಲೆಳೆಯಷ್ಟು ಆಟ ಇರಬಹುದು, ಕಚ್ಚಿನೊಳಗೆ ಗೂಟಕ್ಕೆ ಅಷ್ಟು ಜಾಗ ಇರುತ್ತೆ. ಅದಕ್ಕಿಂತ ಹೆಚ್ಚು ತಿರುಗಿದರೆ ಓಡಿಸಬೇಡಿ.

ಡ್ರಮ್ ಬ್ರೇಕಿಗೆ ಇನ್ನೊಂದು ಸಣ್ಣ ಉಪಾಯ. ಗಾಲಿ ಹಾಕಿದ ಮೇಲೆ ಬ್ರೇಕ್ ಮೆತ್ತಗೆ ಅನ್ನಿಸಿದರೆ, ನಟ್ ಸ್ವಲ್ಪ ಸಡಿಲ ಇದ್ದಾಗಲೇ ಗಾಲಿ ತಿರುಗಿಸಿ ಮುಂದಿನ ಬ್ರೇಕ್ ಲಿವರ್ ಗಟ್ಟಿ ಒತ್ತಿ. ಒತ್ತಿ ಹಿಡಿದೇ ನಟ್ ಬಿಗಿ ಮಾಡಿ. ಲೈನರ್‌ಗಳು ಡ್ರಮ್‌ನ ನಡುಮಧ್ಯಕ್ಕೆ ಬಂದು ಕೂರುತ್ತವೆ, ಪ್ಲೇಟ್ ಅದೇ ಜಾಗದಲ್ಲಿ ಬಿಗಿಯಾಗುತ್ತೆ. ಲಿವರ್ ಹಿಡಿಯಲು ಇನ್ನೊಬ್ಬರು ಬೇಕು, ಇಲ್ಲದಿದ್ದರೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿ ಕಟ್ಟಿ.

ಡಿಸ್ಕ್ ಇದ್ದವರು ಇಷ್ಟು ನೆನಪಿಡಿ. ಗಾಲಿ ಹೊರಗಿದ್ದಾಗ ಲಿವರ್ ಒತ್ತಿದರೆ ಪ್ಯಾಡ್‌ಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ. ಗಾಲಿ ಹಾಕಿದ ಮೇಲೆ ಲಿವರ್ ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತದೆ ಬೈಕ್ ಎತ್ತಬೇಡಿ, ಮೊದಲ ಒತ್ತಿಗೆ ಬ್ರೇಕ್ ಸಿಗದೇ ಇರಬಹುದು. ಆಕ್ಸಲ್‌ಗೆ ಹಚ್ಚಿದ ಗ್ರೀಸ್ ಕೈಯನ್ನು ಡಿಸ್ಕ್‌ಗೆ ತಾಗಿಸಬೇಡಿ.

ಮೀಟರ್ ನಿಂತಿದೆ, ಎಬಿಎಸ್ ದೀಪ ಆರುತ್ತಿಲ್ಲ

ಕೇಬಲ್ ಇರುವ ಬೈಕಿನಲ್ಲಿ ಮೀಟರ್ ಗೇರ್‌ನ ಎರಡು ಕಿವಿಗಳು ಹಬ್‌ನ ಖಾಂಚಿನಲ್ಲಿ ಕೂರಬೇಕು. ಕೂರಿಸದೆ ನಟ್ ಬಿಗಿ ಮಾಡಿದರೆ ಕಿವಿ ಮಡಚುತ್ತೆ, ಮೀಟರ್ ಸಾಯುತ್ತೆ, ಗಾಲಿಯೂ ಹಿಡಿದುಕೊಳ್ಳಬಹುದು. ನಟ್ ಪೂರ್ತಿ ಬಿಗಿ ಮಾಡುವ ಮೊದಲು ಗಾಲಿ ಒಂದು ಸುತ್ತು ತಿರುಗಿಸಿ ಮೀಟರ್ ಮುಳ್ಳು ಅಲುಗುತ್ತದಾ ನೋಡಿದರೆ ಸಾಕು. 2019ರ ಏಪ್ರಿಲ್‌ನಲ್ಲಿ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ಏರ್ಪಾಡು) ಕಡ್ಡಾಯ ಆಯಿತು, ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ (ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಏರ್ಪಾಡು) ಆದರೂ ಬೇಕು ಅಂತಾಯಿತು. ಎಬಿಎಸ್ ಇದ್ದರೆ ಹಬ್ ಪಕ್ಕದಲ್ಲಿ ಹಲ್ಲುಗಳಿರುವ ಒಂದು ರಿಂಗ್, ಅದರ ಎದುರು ಸೆನ್ಸರ್ ಇರುತ್ತೆ. ಸ್ವಲ್ಪ ದೂರ ಓಡಿಸಿದರೂ ದೀಪ ಆರದಿದ್ದರೆ ಸೆನ್ಸರ್ ವೈರ್ ಎಲ್ಲೋ ಸಿಕ್ಕಿಕೊಂಡಿದೆ, ಇಲ್ಲವೇ ಟೈರ್ ಬಡಿಯುವಾಗ ರಿಂಗ್ ಬಾಗಿದೆ. ಸಿಬಿಎಸ್ ಬೈಕಿನಲ್ಲಿ ಹಿಂದಿನ ಪೆಡಲ್ ತುಳಿದಾಗ ಮುಂದಿನ ಬ್ರೇಕೂ ಹಿಡಿಯುತ್ತೆ, ಹಾಗಾಗಿ ಗಾಲಿ ಬಿಗಿ ಅನ್ನಿಸಿದರೆ ಎರಡೂ ಬ್ರೇಕ್ ಜೋಡಿಸುವ ಕೇಬಲ್‌ನ ಅಡ್ಜಸ್ಟ್ ಕೂಡ ನೋಡಿ.

ಶಾಕ್ ಗಡುಸಾಗಿದೆ

ಗಾಲಿ ಹಾಕಿದ ಮೇಲೆ ಸಣ್ಣ ಗುಂಡಿಗೂ ಕೈಗೆ ಏಟು ಬಡಿದಂತೆ ಆಗುತ್ತಿದ್ದರೆ ಶಾಕ್‌ನ ಆಯಿಲ್ ಬದಲಿಸಲು ಓಡಬೇಡಿ. ಕೆಲವು ಬೈಕುಗಳಲ್ಲಿ ಒಂದು ಶಾಕ್‌ನ ತುದಿಯಲ್ಲಿ ಆಕ್ಸಲನ್ನು ಹಿಡಿಯಲು ಅಡ್ಡಲಾಗಿ ಒಂದು ಪಿಂಚ್ ಬೋಲ್ಟ್ ಇರುತ್ತೆ. ಅದನ್ನು ಮೊದಲು ಬಿಗಿ ಮಾಡಿ ಆಮೇಲೆ ಆಕ್ಸಲ್ ನಟ್ ಬಿಗಿ ಮಾಡಿದರೆ ಆ ಕಡೆಯ ಶಾಕ್ ತನ್ನ ಜಾಗಕ್ಕೆ ಬರುವ ಮೊದಲೇ ಸಿಕ್ಕಿಬೀಳುತ್ತೆ. ಎರಡೂ ಶಾಕ್‌ಗಳು ಸಮಾನಾಂತರ ಇಲ್ಲದೆ ಒಳಗೊಳಗೇ ಉಜ್ಜುತ್ತವೆ, ಆಯಿಲ್ ಸೀಲ್ ಒಂದೇ ಬದಿಗೆ ಸವೆಯುತ್ತೆ.

ಸರಿಯಾದ ಕ್ರಮ ಹೀಗೆ. ಮೊದಲು ಪಿಂಚ್ ಬೋಲ್ಟ್ ಸಡಿಲ ಇರಲಿ, ಆಕ್ಸಲ್ ನಟ್ ಬಿಗಿ ಮಾಡಿ. ಬೈಕನ್ನು ಸ್ಟ್ಯಾಂಡಿಂದ ಇಳಿಸಿ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಭಾರ ಹಾಕಿ ಶಾಕನ್ನು ನಾಲ್ಕೈದು ಸಲ ಒತ್ತಿ ಬಿಡಿ. ಶಾಕ್ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತೆ. ಪಿಂಚ್ ಬೋಲ್ಟ್ ಬಿಗಿ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಹೆಚ್ಚು ಬಲ ಬೇಡ, ಸಾಮಾನ್ಯವಾಗಿ 20 ನ್ಯೂಟನ್-ಮೀಟರ್ (ತಿರುಗಿಸುವ ಬಲದ, ಅಂದರೆ ಟಾರ್ಕ್‌ನ ಅಳತೆ) ಆಸುಪಾಸು. ಅದು ಅಲ್ಯೂಮಿನಿಯಂ ಕಿವಿ, ಜಾಸ್ತಿ ಜಗ್ಗಿದರೆ ಸೀಳುತ್ತೆ.

ಎಷ್ಟು ಬಿಗಿ ಅಂದರೆ ಸರಿ?

'ಕೈ ಅಂದಾಜು' ಅನ್ನುವವರ ಜೊತೆ ನನಗೆ ಜಗಳ ಇಲ್ಲ, ಆದರೆ ಆ ಕೈ ಯಾರದ್ದು ಅನ್ನುವುದೇ ಪ್ರಶ್ನೆ. ಬೆಳಗ್ಗೆ ಬಿಗಿ ಮಾಡಿದ ಕೈಗೂ ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಬೆವರಲ್ಲಿ ಜಾರುವ ಕೈಗೂ ವ್ಯತ್ಯಾಸ ಇದೆ ಅಲ್ವಾ? ಸಾಮಾನ್ಯ ಓಡಾಟದ ಬೈಕುಗಳ ಮುಂದಿನ ಆಕ್ಸಲ್ ನಟ್‌ಗೆ ಕಂಪನಿಗಳು ಹೇಳುವ ಅಳತೆ ಹೆಚ್ಚಾಗಿ 45ರಿಂದ 70 ನ್ಯೂಟನ್-ಮೀಟರ್ ನಡುವೆ ಇರುತ್ತೆ. ನಿಮ್ಮ ಬೈಕಿನದ್ದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಅದನ್ನೇ ಹಿಡಿಯಿರಿ. ಪಕ್ಕದ ಮನೆಯವರ ಬೈಕಿನ ಅಂಕಿ ಬೇಡ.

ಟಾರ್ಕ್ ರೆಂಚ್, ಅಂದರೆ ಎಷ್ಟು ಬಲ ಬಿತ್ತು ಅಂತ ತೋರಿಸುವ ಪಾನಾ, ಇದ್ದರೆ ಒಳ್ಳೆಯದು. ಅಂಕಿ ಸೆಟ್ ಮಾಡಿ ನಿಧಾನವಾಗಿ ಎಳೆಯಿರಿ, ಕಟ್ ಅಂದಾಗ ನಿಲ್ಲಿಸಿ. ಇನ್ನೊಂದು ಕಟ್ ಕೇಳುವ ಆಸೆಗೆ ಮತ್ತೆ ಎಳೆಯಬೇಡಿ. ಕೆಲಸ ಮುಗಿದ ಮೇಲೆ ಅದನ್ನು ಅತಿ ಕಡಿಮೆ ಅಂಕಿಗೆ ಇಳಿಸಿ ಇಡಿ.

ಇಲ್ಲದವರಿಗೆ ಒಂದು ದಾರಿ ಇದೆ. ಬ್ಯಾಗ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಸಿಗುತ್ತಲ್ಲ, ಅದು ಸಾಕು. ಲೆಕ್ಕ ಸುಲಭ, ಉದ್ದ ಗುಣಿಸು ಭಾರ. ನಟ್‌ನ ನಡುವಿನಿಂದ ಸರಿಯಾಗಿ 30 ಸೆಂಟಿಮೀಟರ್ ದೂರಕ್ಕೆ ಪಾನಾದ ಹಿಡಿಗೆ ತಕ್ಕಡಿಯ ಕೊಕ್ಕೆ ಹಾಕಿ, ಪಾನಾಕ್ಕೆ ಲಂಬವಾಗಿ 20 ಕೆಜಿ ತೋರಿಸುವ ತನಕ ಎಳೆದರೆ 6 ಕೆಜಿ-ಮೀಟರ್ ಆಯಿತು. ಅಂದರೆ ಸುಮಾರು 59 ನ್ಯೂಟನ್-ಮೀಟರ್. ನಿಮ್ಮ ಮ್ಯಾನ್ಯುಯಲ್ 49 ಅಂದರೆ ಅದು 5 ಕೆಜಿ-ಮೀಟರ್, ಅದೇ ದೂರಕ್ಕೆ 17 ಕೆಜಿಗಿಂತ ಚೂರು ಕಡಿಮೆ. ಓರೆಯಾಗಿ ಎಳೆದರೆ ಲೆಕ್ಕ ತಪ್ಪುತ್ತೆ. ಪಾನಾ ಗಿಡ್ಡ ಇದ್ದರೆ ಉದ್ದ ಅಳೆದು ಲೆಕ್ಕ ಬದಲಿಸಿಕೊಳ್ಳಿ.

ಇದೇ ಲೆಕ್ಕದಲ್ಲಿ ಇನ್ನೊಂದು ನೋಡಿ. 60 ಕೆಜಿಯ ಮನುಷ್ಯ 30 ಸೆಂಟಿಮೀಟರ್ ಪಾನಾದ ತುದಿಯ ಮೇಲೆ ನಿಂತರೆ 18 ಕೆಜಿ-ಮೀಟರ್. ಬೇಕಾದ್ದಕ್ಕಿಂತ ಮೂರು ಪಟ್ಟು! 'ತುಳಿದು ಟೈಟ್ ಮಾಡೀನ್ರಿ, ಚಿಂತಿ ಬ್ಯಾಡ' ಅಂದರೆ ಚಿಂತೆ ಅಲ್ಲಿಂದಲೇ ಶುರು. ಒಳಗಿನ ಪೈಪ್ ಜಜ್ಜುತ್ತೆ, ಆಕ್ಸಲ್‌ನ ಥ್ರೆಡ್ ಎಳೆದುಕೊಳ್ಳುತ್ತೆ. ಬಿಗಿ ಮಾಡುವಾಗ ನಟ್ ತಿರುಗುತ್ತಲೇ ಇದ್ದು ಬಿಗಿ ಮಾತ್ರ ಏರದಿದ್ದರೆ ಥ್ರೆಡ್ ಹೋಗಿದೆ ಅಂತಲೇ ಅರ್ಥ, ಆಕ್ಸಲ್ ಮತ್ತು ನಟ್ ಎರಡೂ ಬದಲಿಸಿ.

ಥ್ರೆಡ್ ಸ್ವಚ್ಛ ಇದ್ದರೆ ಮಾತ್ರ ಈ ಅಂಕಿಗಳಿಗೆ ಬೆಲೆ. ಗದ್ದೆಗೆ ನೀರು ಬಿಟ್ಟು ಕೆಸರು ಮಾಡುವ, ಅಂದರೆ ರೊಳ್ಳಿ ಹೊಡೆಯುವ ಕಾಲದಲ್ಲಿ ಕಾಲುವೆ ದಂಡೆಯ ಮೇಲೆ ಓಡಿದ ಬೈಕಿನ ಆಕ್ಸಲ್ ತುದಿಯಲ್ಲಿ ಮಣ್ಣು ಒಣಗಿ ಕಲ್ಲಾಗಿರುತ್ತೆ. ಆ ಮಣ್ಣಿನ ಮೇಲೆಯೇ ನಟ್ ತಿರುಗಿಸಿದರೆ ನಿಮ್ಮ ಬಲವೆಲ್ಲ ಮಣ್ಣು ಅರೆಯಲು ಖರ್ಚಾಗುತ್ತೆ, ಸಾಲಿಗೆ ಒತ್ತಡ ಹೋಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಶ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಆಮೇಲೆ ಒಣ ಬಟ್ಟೆ. ಆಕ್ಸಲ್‌ನ ಮೈಗೆ ತೆಳ್ಳಗೆ ಗ್ರೀಸ್ ಸವರಿ, ಮುಂದಿನ ಸಲ ತುಕ್ಕು ಹಿಡಿದು ಸುತ್ತಿಗೆ ಬೇಡುವುದಿಲ್ಲ. ಥ್ರೆಡ್‌ಗೆ ಮಾತ್ರ ಗ್ರೀಸ್ ಬೇಡ, ಮ್ಯಾನ್ಯುಯಲ್ ಹೇಳಿದ್ದರೆ ಬೇರೆ ಮಾತು. ಎಣ್ಣೆ ಬಿದ್ದ ಥ್ರೆಡ್ ಅದೇ ಅಂಕಿಗೆ ಹೆಚ್ಚು ಬಿಗಿಯಾಗಿಬಿಡುತ್ತೆ. ಬಿಚ್ಚಿದಾಗಲೇ ಆಕ್ಸಲನ್ನು ಪಾಲಿಶ್ ಮಾಡಿದ ಗ್ರಾನೈಟ್ ಕಲ್ಲಿನ ಮೇಲೆ ಉರುಳಿಸಿ ನೋಡಿ. ಅಡಿಯಲ್ಲಿ ಬೆಳಕು ಕಂಡು ಮರೆಯಾಗಿ ಮಾಡಿದರೆ ಬೆಂಡ್ ಇದೆ, ಬಡಿದು ನೇರ ಮಾಡಿಸದೆ ಹೊಸದು ತನ್ನಿ.

ನಟ್ ತಿರುಗಿಸುವಾಗ ಇನ್ನೊಂದು ತುದಿಯಲ್ಲಿ ಆಕ್ಸಲ್ ತಲೆ ತಿರುಗದಂತೆ ಹಿಡಿಯಬೇಕು. ಕೊನೆಯ ಬಿಗಿ ಗಾಲಿ ನೆಲದ ಮೇಲಿದ್ದಾಗ ಮಾಡಿ, ಸ್ಟ್ಯಾಂಡ್ ಮೇಲೆ ಜಗ್ಗಿದರೆ ಬೈಕ್ ಮೈಮೇಲೆ ಬರುತ್ತೆ.

ಟ್ರ್ಯಾಕ್ಟರ್ ನಟ್ ಬೇರೆ, ಬೈಕ್ ನಟ್ ಬೇರೆ

ನಮ್ಮ ಕಡೆ ಎಷ್ಟೋ ಜನ ಟ್ರ್ಯಾಕ್ಟರ್ ಕೆಲಸ ಕಲಿತು ಬೈಕ್ ಮುಟ್ಟುತ್ತಾರೆ, ಬೈಕ್ ಕಲಿತು ಟ್ರ್ಯಾಕ್ಟರ್ ಮುಟ್ಟುತ್ತಾರೆ. ಗೊಂದಲ ಶುರುವಾಗುವುದು ಇಲ್ಲೇ. ಟ್ರ್ಯಾಕ್ಟರ್‌ನ ಮುಂದಿನ ಹಬ್‌ನಲ್ಲಿ, ಹಾಗೇ ಹಿಂದಿನ ಗಾಲಿಯಿಂದ ಓಡುವ ಹಲವು ಗೂಡ್ಸ್ ಗಾಡಿಗಳಲ್ಲಿ, ಇರುವುದು ಟೇಪರ್ ಬೇರಿಂಗ್, ಅಂದರೆ ಗೋಲಿಯ ಬದಲು ಓರೆಯಾಗಿ ಕೂತ ರೋಲರ್ ಇರುವಂಥದ್ದು. ಅಲ್ಲಿ ಒಳರಿಂಗ್‌ಗಳ ನಡುವೆ ಒತ್ತಡ ತಡೆಯುವ ಪೈಪ್ ಸಾಮಾನ್ಯವಾಗಿ ಇರುವುದಿಲ್ಲ. ನಟ್ ತಿರುಗಿಸಿದಷ್ಟೂ ರೋಲರ್‌ಗಳು ಕಪ್‌ನೊಳಗೆ (ಹೊರರಿಂಗ್) ಒತ್ತಿಕೊಳ್ಳುತ್ತವೆ. ಅಂದರೆ ಆ ನಟ್ ಇರುವುದು ಬೇರಿಂಗ್‌ನ ಆಟ ಹೊಂದಿಸಲು. ಬೈಕಿನಂತೆ ಜಗ್ಗಿ ಬಿಗಿ ಮಾಡಿದರೆ ಬಿಸಿಯಾಗಿ ಗ್ರೀಸ್ ಕರಗಿ ರೋಲರ್ ನೀಲಿಗಟ್ಟುತ್ತೆ.

ಕ್ರಮ ಹೀಗೆ. ಜ್ಯಾಕ್ ಹಾಕಿ ಗಾಲಿ ಎತ್ತಿ, ಹಿಂದಿನ ಗಾಲಿಗೆ ಕಲ್ಲು ಕೊಡಿ. ಗಾಲಿ ತಿರುಗಿಸುತ್ತಲೇ ನಟ್ ಬಿಗಿ ಮಾಡುತ್ತಾ ಹೋಗಿ, ತಿರುಗಲು ಭಾರ ಅನ್ನಿಸಿದಾಗ ನಿಲ್ಲಿಸಿ. ಆಮೇಲೆ ನಟ್ಟನ್ನು ಸ್ಪ್ಲಿಟ್ ಪಿನ್‌ನ (ನಟ್ ಕಳಚದಂತೆ ಅಡ್ಡ ತೂರಿಸಿ ಮಡಚುವ ಪಿನ್) ತೂತಿಗೆ ಎದುರಾಗುವ ಖಾಂಚಿನ ತನಕ ಹಿಂದಕ್ಕೆ ಬಿಡಿ. ಗಾಲಿ ಸರಾಗ ತಿರುಗಬೇಕು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಆಟ ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ ಇರಬೇಕು. ಎಷ್ಟು ಹಿಂದಕ್ಕೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, ಮ್ಯಾನ್ಯುಯಲ್ ನೋಡಿ. ಬೈಕಿನ ಕ್ಯಾಸಲ್ ನಟ್‌ಗೆ (ಪಿನ್ ಕೂರಲು ಖಾಂಚುಗಳಿರುವ ನಟ್) ಇದೇ ರೀತಿ ಹಿಂದಕ್ಕೆ ಬಿಡುವುದು ದೊಡ್ಡ ತಪ್ಪು. ಅಲ್ಲಿ ಟಾರ್ಕ್ ಮುಟ್ಟಿದ ಮೇಲೆ ಖಾಂಚು ಎದುರಾಗದಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೇ ತಿರುಗಿಸಬೇಕು.

ಟ್ರ್ಯಾಕ್ಟರ್ ಗಾಲಿ ಅಲ್ಲಾಡುವಾಗ ಒಂದು ಕಣ್ಣು ಹಬ್‌ನ ಹಿಂದೆ ಇರಲಿ. ಹಬ್ ಮಾತ್ರ ಕದಲಿದರೆ ಬೇರಿಂಗ್. ಹಬ್‌ನ ಜೊತೆ ಅದು ಕೂತಿರುವ ಸ್ಪಿಂಡಲ್ಲೂ ಕದಲಿದರೆ ಬುಶ್ ಅಥವಾ ಗಾಲಿ ಎಡ ಬಲ ತಿರುಗಲು ಇರುವ ಕಿಂಗ್‌ಪಿನ್ ಸವೆದಿದೆ, ನಟ್ ಎಷ್ಟು ಬಿಗಿ ಮಾಡಿದರೂ ಅದು ಹೋಗದು. ರೊಳ್ಳಿ ಗದ್ದೆಯ ಕೆಲಸ ಮುಗಿದ ಮೇಲೆ ಹಬ್ ಬಿಚ್ಚಿದಾಗ ಗ್ರೀಸ್ ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ನೀರು ನುಗ್ಗಿದೆ. ಪೂರ್ತಿ ತೊಳೆದು ಸೀಲ್ ಬದಲಿಸಿ ಹೊಸ ಗ್ರೀಸ್ ತುಂಬಿ, ಮೇಲೆ ಮೇಲೆ ಗನ್ ಹೊಡೆದು ಬಿಡಬೇಡಿ.

ಮುಂದಿನ ಗಾಲಿಯಿಂದ ಓಡುವ ಕಾರುಗಳ ಆಕ್ಸಲ್ ನಟ್ ಮೂರನೇ ಜಾತಿ. ಅದರ ಟಾರ್ಕ್ 150 ನ್ಯೂಟನ್-ಮೀಟರ್ ದಾಟುವುದೇ ಹೆಚ್ಚು, ಹಲವು ಕಾರುಗಳಲ್ಲಿ ಒಮ್ಮೆ ಬಿಚ್ಚಿದ ನಟ್ ಮತ್ತೆ ಹಾಕುವಂತಿಲ್ಲ. ಉದ್ದನೆಯ ಟಾರ್ಕ್ ರೆಂಚ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಸ್ಪ್ಲಿಟ್ ಪಿನ್ ಯಾವತ್ತೂ ಹೊಸದೇ ಇರಲಿ. ಹಳೆಯದನ್ನು ನೇರ ಮಾಡಿ ಹಾಕಿದರೆ ಮಡಚಿದ ಜಾಗದಲ್ಲೇ ಮುರಿಯುತ್ತೆ, ಮೊಳೆ ಮತ್ತು ತಂತಿ ಅಂತೂ ಬೇಡವೇ ಬೇಡ. ಹೊಸ ಪಿನ್ ಕೆಲವೇ ರೂಪಾಯಿಯ ಮಾತು.

ಬೈಕ್ ಆಗಲಿ ಟ್ರ್ಯಾಕ್ಟರ್ ಆಗಲಿ, ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ಬ್ರೇಕ್ ಹೆಚ್ಚು ಬಳಸದೆ ಓಡಿಸಿದ್ದರೆ ಹಬ್‌ನ ನಡುವಿಗೆ ಕೈ ಇಟ್ಟು ನೋಡಿ. ಕೈಗೆ ತಡೆಯುವಷ್ಟು ಬೆಚ್ಚಗಿದ್ದರೆ ಸರಿ, ಕೈ ಎಳೆದುಕೊಳ್ಳುವಷ್ಟು ಸುಟ್ಟರೆ ಬಿಚ್ಚಿ ಮತ್ತೆ ನೋಡಿ. ಬೈಕಿನ ನಟ್‌ಗೆ ಪೇಂಟಲ್ಲಿ ಒಂದು ಗೆರೆ ಎಳೆದಿಡಿ, ಗೆರೆ ಸರಿದಿದ್ದರೆ ದೂರದಿಂದಲೇ ಕಾಣುತ್ತೆ. ಟ್ರ್ಯಾಕ್ಟರ್ ಹಬ್‌ನ ಡಸ್ಟ್ ಕ್ಯಾಪ್ ಬಡಿಯುವ ಮೊದಲು ಪಿನ್‌ನ ಕಾಲುಗಳನ್ನು ನಟ್‌ಗೆ ಒತ್ತಿ ಮಡಚಿ. ಕ್ಯಾಪ್ ಗಾಲಿಯ ಜೊತೆ ತಿರುಗುತ್ತೆ, ಪಿನ್ ತಿರುಗುವುದಿಲ್ಲ. ಎರಡೂ ತಾಗಿದರೆ ಸುತ್ತು ಸುತ್ತಿಗೂ ಕಿರ್ರ್ ಅನ್ನುತ್ತೆ, ನೀವು ಬೇರಿಂಗ್ ಹೋಯಿತು ಅಂತ ಮತ್ತೆ ಹಬ್ ಬಿಚ್ಚುತ್ತೀರಿ.